ಕರೆಂಟು ಹೋದ ಮನೆಗೆ ಎಷ್ಟು ಬ್ಯಾಟರಿ ಬೇಕು? – ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲಕ್ಕೆ ಮುನ್ನ ಮನೆಯ ಬದಲಿ ವಿದ್ಯುತ್ತಿನ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವೇ ಆಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಜೂನ್ ತಿಂಗಳಿನಿಂದ ಕಕ್ಕಡ (ಆಗಸ್ಟ್ ನಡುವಿನವರೆಗಿನ ಕೊಡವರ ಮಳೆಯ ತಿಂಗಳು) ಮುಗಿಯುವವರೆಗೆ ಮರ ಬಿದ್ದು ತಂತಿ ಹರಿಯುವುದು, ಮೂರು ದಿನ ಕತ್ತಲೆಯಲ್ಲಿ ಕೂರುವುದು ಅಲ್ಲಿಯವರಿಗೆ ಹೊಸತಲ್ಲ. ಎರಡು ಪತ್ರಗಳು ಮಾತ್ರ ಮಳೆಯ ಬದಲು ಬೆಂಕಿಯ ಕುರಿತಾಗಿದ್ದವು. ಅವುಗಳಿಂದಲೇ ಆರಂಭಿಸುತ್ತೇನೆ.

ನನ್ನ ಮಗಳು ಮತ್ತು ಅಳಿಯ ಉತ್ತರ ಕ್ಯಾಲಿಫೋರ್ನಿಯಾದ ಬೆಟ್ಟದ ಊರೊಂದರಲ್ಲಿದ್ದಾರೆ. ಅಲ್ಲಿ ಗಾಳಿ ಜೋರಾಗುವ ಮುನ್ಸೂಚನೆ ಸಿಕ್ಕಿದರೆ ಸಾಕು, ಬೆಂಕಿ ಕಾಣಿಸಿಕೊಳ್ಳುವ ಮೊದಲೇ ಕಂಪನಿಯವರು ಕರೆಂಟು ತೆಗೆಯುತ್ತಾರಂತೆ. ಕೆಲವೊಮ್ಮೆ ಎರಡು ಮೂರು ದಿನ ಬರುವುದಿಲ್ಲವಂತೆ. ಅಷ್ಟು ಮುಂದುವರಿದ ದೇಶದಲ್ಲಿ ಇದೇಕೆ ಹೀಗೆ? ಇಲ್ಲಿಂದ ಒಂದು ಒಳ್ಳೆಯ ಯುಪಿಎಸ್ ಕಳುಹಿಸಿದರೆ ಅವರಿಗೆ ಉಪಯೋಗವಾಗುವುದೇ?
– ಗೃಹಿಣಿ, ವಿರಾಜಪೇಟೆ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಕಳುಹಿಸಬೇಡಿ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತು. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ಇಲ್ಲಿಯ ಯುಪಿಎಸ್ ಅಲ್ಲಿನ ಗೋಡೆಯಿಂದ ಚಾರ್ಜ್ ಆಗುವುದೂ ಇಲ್ಲ, ಅಲ್ಲಿನ ಫ್ರಿಜ್ಜನ್ನು ನಡೆಸುವುದೂ ಇಲ್ಲ. ತಾಯಿಯ ಮನಸ್ಸು ಅರ್ಥವಾಗುತ್ತದೆ. ಕಾಫಿಪುಡಿ ಮತ್ತು ಕಾಚಂಪುಳಿ ಕಳುಹಿಸಿದರೆ ಸಾಕು.

ಇನ್ನು ಕಾರಣ. ನಮ್ಮಲ್ಲಿ ಧಾರಾಕಾರ ಮಳೆ ಸುರಿಯುವ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಹುತೇಕ ಮಳೆಯೇ ಇರುವುದಿಲ್ಲ. ಬೇಸಿಗೆಯುದ್ದಕ್ಕೂ ಒಣಗಿದ ಹುಲ್ಲು ಮತ್ತು ಕುರುಚಲು ಗಿಡಗಳ ಮೇಲೆ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಒಳನಾಡಿನಿಂದ ಕಡಲಿನ ಕಡೆಗೆ ಬಿರುಸಾದ ಒಣಗಾಳಿ ಬೀಸುತ್ತದೆ. ಉತ್ತರ ಭಾಗದಲ್ಲಿ ಅದನ್ನು ಡಯಾಬ್ಲೊ ಗಾಳಿ ಎಂದೂ ದಕ್ಷಿಣದಲ್ಲಿ ಸಾಂಟಾ ಆನಾ ಗಾಳಿ ಎಂದೂ ಕರೆಯುತ್ತಾರೆ. ಆ ಗಾಳಿಯಲ್ಲಿ ಒಂದು ಕೊಂಬೆ ತಂತಿಗೆ ತಾಗಿದರೂ, ಒಂದು ಕೊಂಡಿ ಕಳಚಿದರೂ ಕಿಡಿ ನೇರವಾಗಿ ಒಣ ಹುಲ್ಲಿಗೆ ಬೀಳುತ್ತದೆ. 2018ರ ನವೆಂಬರ್ 8ರಂದು ಆದದ್ದು ಅದೇ. ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯ, ಶತಮಾನದಷ್ಟು ಹಳೆಯದಾದ ಲೈನೊಂದರಲ್ಲಿ ತಂತಿಯನ್ನು ಹಿಡಿದಿದ್ದ ಕಬ್ಬಿಣದ ಕೊಕ್ಕೆ ಸವೆದು ತುಂಡಾಯಿತು. ಅದರಿಂದ ಹತ್ತಿದ ಬೆಂಕಿಯು ಪ್ಯಾರಡೈಸ್ ಎಂಬ ಊರನ್ನು ಕೆಲವೇ ಗಂಟೆಗಳಲ್ಲಿ ಸುಟ್ಟಿತು. 85 ಮಂದಿ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಕಂಪನಿಯು 2019ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, 2020ರಲ್ಲಿ 84 ಸಾವುಗಳ ವಿಷಯದಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು.

ಅಪಾಯದ ಗಾಳಿ ಬರುವ ಮೊದಲೇ ಲೈನನ್ನು ನಿಲ್ಲಿಸುವ ಕ್ರಮವನ್ನು ಸ್ಯಾನ್ ಡಿಯಾಗೊ ಕಡೆಯ ಕಂಪನಿ ಅದಕ್ಕೂ ಹಿಂದೆಯೇ ಅನುಸರಿಸುತ್ತಿತ್ತು. ಪ್ಯಾರಡೈಸ್ ಸುಟ್ಟ ನಂತರ ಉತ್ತರದಲ್ಲಿಯೂ ಅದು ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬಂದಿತು. 2019ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಲಕ್ಷಾಂತರ ಮನೆಗಳು ಒಂದಕ್ಕಿಂತ ಹೆಚ್ಚು ಬಾರಿ ಕತ್ತಲೆಯಲ್ಲಿ ಕುಳಿತವು. ಗಾಳಿ ನಿಂತ ಕೂಡಲೇ ವಿದ್ಯುತ್ತು ಏಕೆ ಬರುವುದಿಲ್ಲ ಎಂದು ನಿಮ್ಮ ಮಗಳು ಕೇಳಿರಬಹುದು. ನಿಲ್ಲಿಸಿದ ಲೈನಿನ ಉದ್ದಕ್ಕೂ ಜನರು ನಡೆದೋ, ವಾಹನದಲ್ಲೋ, ಹೆಲಿಕಾಪ್ಟರ್‌ನಲ್ಲೋ ಹೋಗಿ, ಎಲ್ಲಿಯೂ ಮರ ಬಿದ್ದಿಲ್ಲ, ತಂತಿ ಜೋತಿಲ್ಲ ಎಂದು ನೋಡಿದ ನಂತರವೇ ಮತ್ತೆ ವಿದ್ಯುತ್ತನ್ನು ಹರಿಸುತ್ತಾರೆ. ಆದ್ದರಿಂದ ಒಂದು ದಿನದ ಗಾಳಿಗೆ ಎರಡು ದಿನದ ಕತ್ತಲೆ.

ಮಗಳ ಮನೆಗೆ ಏನು ಬೇಕು ಎಂಬುದು ಅವರ ನೀರು ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ನಿಂತಿದೆ. ಊರಿನ ನಲ್ಲಿ ನೀರಾದರೆ, ಅಲ್ಲಿ ಅಂಗಡಿಯಲ್ಲಿ ದೊರೆಯುವ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಒಂದರಿಂದ ಎರಡು ಯೂನಿಟ್ ಸಾಮರ್ಥ್ಯದ ಲಿಥಿಯಂ ಬ್ಯಾಟರಿ ಪೆಟ್ಟಿಗೆಯು ದೀಪ, ಫೋನ್, ಇಂಟರ್ನೆಟ್ ಮತ್ತು ಒಂದು ದಿನದ ಫ್ರಿಜ್ಜಿಗೆ ಸಾಕಾಗುತ್ತದೆ. ಸ್ವಂತ ಬೋರ್‌ವೆಲ್ ಆದರೆ ಪಂಪಿಗೆ ಅದು ಸಾಲದು. ಮುನ್ಸೂಚನೆ ಬಂದ ದಿನವೇ ಪಾತ್ರೆ ಪಡಗಗಳಲ್ಲಿ ನೀರು ಹಿಡಿದಿಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ವಿದ್ಯುತ್ ಕಾರಿದ್ದರೆ ಗಾಳಿ ಬರುವ ಮೊದಲೇ ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳಲಿ, ಏಕೆಂದರೆ ನಿಜವಾಗಿಯೂ ಬೆಂಕಿ ಬಂದರೆ ಊರು ಬಿಡಬೇಕಾಗುತ್ತದೆ. ಗ್ಯಾರೇಜಿನ ಬಾಗಿಲು ವಿದ್ಯುತ್ತಿನಿಂದ ತೆರೆಯುವಂಥದ್ದಾದರೆ ಅದನ್ನು ಕೈಯಿಂದ ತೆರೆಯುವುದು ಹೇಗೆಂದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಹೊಸದಾಗಿ ಕೂರಿಸುವ ಇಂತಹ ಬಾಗಿಲುಗಳಿಗೆ ಬ್ಯಾಟರಿ ಇರಲೇಬೇಕೆಂದು ಆ ರಾಜ್ಯವು 2019ರಿಂದ ಕಾನೂನನ್ನೇ ಮಾಡಿದೆ.

ನಮ್ಮ ತೋಟದ ಒಂದು ಅಂಚು ಕಾಡಿಗೆ ತಾಗಿದೆ, ಅದರ ಮೇಲೆಯೇ 11 ಕೆವಿ (11,000 ವೋಲ್ಟ್) ಲೈನು ಹೋಗಿದೆ. ಈ ಮಾರ್ಚಿಯಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ಲೈನನ್ನು ಬಂದ್ ಮಾಡಿಸಿದರು. ನೀರು ಬೇಕಾದ ಹೊತ್ತಿಗೇ ಸ್ಪ್ರಿಂಕ್ಲರ್ ಪಂಪು ನಿಂತಿತು. ಮನೆಯ ಯುಪಿಎಸ್ಸಿನಿಂದ 10 ಎಚ್‌ಪಿ ಪಂಪನ್ನು ಸ್ವಲ್ಪ ಹೊತ್ತಾದರೂ ನಡೆಸಲು ಬರುತ್ತದೆಯೇ?
– ಕಾಫಿ ಬೆಳೆಗಾರರು, ತಿತಿಮತಿ

ಬರುವುದಿಲ್ಲ. 10 ಎಚ್‌ಪಿ ಮೋಟಾರು ಓಡುವಾಗ ಸುಮಾರು 9 ಕಿಲೋವ್ಯಾಟ್ ಎಳೆಯುತ್ತದೆ, ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಕರೆಂಟು ಬೇಡುತ್ತದೆ. ಯುಪಿಎಸ್ ಮೊದಲ ಕ್ಷಣಕ್ಕೇ ನಿಂತುಬಿಡುತ್ತದೆ. ನಿಲ್ಲದಿದ್ದರೂ ಸಾಮಾನ್ಯ ಮನೆಯೊಂದರ ಬ್ಯಾಟರಿಯು ಎಂಟು ನಿಮಿಷಕ್ಕೆ ಬರಿದಾದೀತು.

ಲೈನು ಬಂದ್ ಮಾಡಿಸಿದವರನ್ನು ದೂರುವಂತಿಲ್ಲ. ದಟ್ಟ ಹೊಗೆ ಮತ್ತು ಜ್ವಾಲೆಯ ಬಿಸಿ ಗಾಳಿಯು ವಿದ್ಯುತ್ತನ್ನು ತಡೆಯುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ತಂತಿಯಿಂದ ತಂತಿಗೆ ಅಥವಾ ತಂತಿಯಿಂದ ನೆಲಕ್ಕೆ ಕಿಡಿ ಹಾರಬಹುದು. ಕೆಳಗೆ ಸೊಪ್ಪು ಹಿಡಿದು ಬೆಂಕಿ ಬಡಿಯುತ್ತಿರುವ ಅರಣ್ಯ ಸಿಬ್ಬಂದಿಗೆ ಅದು ಪ್ರಾಣಾಪಾಯ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದನ್ನು ನೋಡಿದವರಿಗೆ, ಒಣಗಿದ ಕಾಡಿನಲ್ಲಿ ಗಾಳಿಯೊಂದಿಗೆ ಬೆಂಕಿ ಎಷ್ಟು ವೇಗವಾಗಿ ಓಡುತ್ತದೆ ಎಂದು ಹೇಳಬೇಕಾಗಿಲ್ಲ.

ನಿಮಗೆ ಬೇಕಾದದ್ದು ಬ್ಯಾಟರಿಯಲ್ಲ, ಎತ್ತರದಲ್ಲಿ ಕೂಡಿಟ್ಟ ನೀರು. ತೋಟದ ಎತ್ತರದ ಜಾಗದಲ್ಲಿ ತೊಟ್ಟಿಯೊಂದನ್ನು ಕಟ್ಟಿ, ಜನವರಿಯಿಂದ ಮೊದಲ ಹೂಮಳೆ ಬೀಳುವವರೆಗೆ ಅದನ್ನು ತುಂಬಿಯೇ ಇಡಿ. ಹತ್ತು ಮೀಟರು ಎತ್ತರಕ್ಕೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ತಾನಾಗಿಯೇ ಸಿಗುತ್ತದೆ, ಅದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಡ. ಹಳೆಯ ಡೀಸೆಲ್ ಪಂಪ್‌ಸೆಟ್ಟನ್ನು ಗುಜರಿಗೆ ಹಾಕಿಲ್ಲವಾದರೆ ಅದನ್ನು ರಿಪೇರಿ ಮಾಡಿಸಿಕೊಳ್ಳಿ, ಆದರೆ ಹೊಗೆ ಕೊಳವೆಯ ಸುತ್ತ ತರಗೆಲೆ ಇರದಂತೆ ನೋಡಿಕೊಳ್ಳಿ. ಲೈನಿನ ಕೆಳಗಿನ ಮತ್ತು ಟ್ರಾನ್ಸ್‌ಫಾರ್ಮರ್ ಸುತ್ತಲಿನ ಒಣ ಕಸವನ್ನು ಜನವರಿಯಲ್ಲೇ ತೆಗೆಸುವುದು ನಿಮ್ಮ ಕೈಯಲ್ಲಿರುವ ಕೆಲಸ. ತಂತಿಗೆ ತಾಗುವ ಕೊಂಬೆಗಳನ್ನು ಕಡಿಸುವುದು ಮಾತ್ರ ನಿಮ್ಮ ಕೆಲಸವಲ್ಲ. ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೇಳಿ, ಲೈನು ಬಂದ್ ಆದ ಮೇಲೆಯೇ ಅದು ನಡೆಯಬೇಕು. ಅಲ್ಯೂಮಿನಿಯಂ ಏಣಿಯನ್ನು ಸಿಲ್ವರ್ ಓಕ್ ಮರಕ್ಕೆ ಒರಗಿಸುವಾಗ ಮೇಲಿನ ತಂತಿಗೆ ತಾಗಿ ಸತ್ತ ಕಾರ್ಮಿಕರ ಸುದ್ದಿಯನ್ನು ಕೊಡಗಿನ ಪತ್ರಿಕೆಗಳಲ್ಲಿ ಓದದ ವರ್ಷವಿಲ್ಲ.

ಮೂರು ವರ್ಷದ ಹಿಂದೆ 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಕೊಂಡೆ. ಮೊದಲ ವರ್ಷ ರಾತ್ರಿಯಿಡೀ ಬರುತ್ತಿತ್ತು, ಈಗ ನಾಲ್ಕು ಗಂಟೆಗೆ ಕೂಗಿಕೊಳ್ಳುತ್ತದೆ. ಕಳೆದ ಜುಲೈಯಲ್ಲಿ ನಾಲ್ಕು ದಿನ ಕರೆಂಟಿರಲಿಲ್ಲ. ಅಂಗಡಿಯವರು ಎರಡು ಬ್ಯಾಟರಿ ಹಾಕಿಸಿ ಎನ್ನುತ್ತಾರೆ. ಹಾಕಿಸಲೇ?
– ನಿವೃತ್ತ ಶಿಕ್ಷಕರು, ಮಡಿಕೇರಿ

ಲೆಕ್ಕ ಹೇಳಿಕೊಟ್ಟವರಿಗೆ ಲೆಕ್ಕ ಹೇಳುವ ಧೈರ್ಯ ಮಾಡುತ್ತೇನೆ. 12 ವೋಲ್ಟನ್ನು 150 ಎಎಚ್‌ನಿಂದ, ಅಂದರೆ ಆಂಪಿಯರ್-ಗಂಟೆಯಿಂದ, ಗುಣಿಸಿದರೆ 1,800 ವ್ಯಾಟ್-ಗಂಟೆ, ಅಂದರೆ 1.8 ಯೂನಿಟ್. ಇನ್ವರ್ಟರಿನಲ್ಲಿ ನಷ್ಟವಾಗುವುದನ್ನೂ, ಬ್ಯಾಟರಿಯ ಆಯುಸ್ಸಿನ ದೃಷ್ಟಿಯಿಂದ ಅದನ್ನು ಪೂರ್ತಿ ಬರಿದು ಮಾಡಬಾರದೆಂಬುದನ್ನೂ ಕಳೆದರೆ, ಹೊಸ ಬ್ಯಾಟರಿಯಿಂದ ನಿಮ್ಮ ಕೈಗೆ ಬರುವುದು ಸುಮಾರು 1.2 ಯೂನಿಟ್. 9 ವ್ಯಾಟಿನ ಐದು ಎಲ್‌ಇಡಿ ಬಲ್ಬು, ಒಂದು ಟಿವಿ, ಇಂಟರ್ನೆಟ್ ಪೆಟ್ಟಿಗೆ, ಎರಡು ಫೋನ್ ಎಂದು 130 ವ್ಯಾಟನ್ನು ಬಿಡದೆ ಉರಿಸಿದರೆ ಒಂಬತ್ತು ಗಂಟೆಗೆ ಅದು ಮುಗಿಯಿತು. ಅದೇ ಬ್ಯಾಟರಿಯಲ್ಲಿ, ಸಂಜೆ ಆರರಿಂದ ಹತ್ತರವರೆಗೆ ಮಾತ್ರ ದೀಪ, ದಿನಕ್ಕೆ ಎರಡು ಗಂಟೆ ಫೋನ್ ಚಾರ್ಜ್, ಹತ್ತು ಗಂಟೆ ಇಂಟರ್ನೆಟ್ ಎಂದು ಮಿತಿ ಹಾಕಿಕೊಂಡರೆ ದಿನಕ್ಕೆ ಬೇಕಾಗುವುದು 320 ವ್ಯಾಟ್-ಗಂಟೆ. ಹೆಚ್ಚುಕಡಿಮೆ ನಾಲ್ಕು ದಿನ ಬರುತ್ತದೆ. ಮಡಿಕೇರಿಯ ಜುಲೈಯಲ್ಲಿ ಫ್ಯಾನ್ ಯಾರಿಗೂ ಬೇಡ ಎಂಬುದು ಬಯಲುಸೀಮೆಯವರಿಗಿಲ್ಲದ ನಿಮ್ಮ ಭಾಗ್ಯ.

ಆದರೆ ಈ ಲೆಕ್ಕದಲ್ಲಿ ಒಬ್ಬ ಕಳ್ಳ ಅಡಗಿದ್ದಾನೆ. ಮನೆಯ ಇನ್ವರ್ಟರು ಒಂದು ಬಲ್ಬನ್ನೂ ಉರಿಸದೆ ಸುಮ್ಮನೆ ಕುಳಿತಿದ್ದರೂ ಹತ್ತರಿಂದ ಇಪ್ಪತ್ತು ವ್ಯಾಟ್ ತಿನ್ನುತ್ತದೆ. ಇಪ್ಪತ್ತನಾಲ್ಕು ಗಂಟೆಗೆ 15 ವ್ಯಾಟಿನಂತೆ 360 ವ್ಯಾಟ್-ಗಂಟೆ, ಅಂದರೆ ನಿಮ್ಮ ಎಲ್ಲ ದೀಪ ಮತ್ತು ಫೋನುಗಳು ಸೇರಿ ತಿನ್ನುವುದಕ್ಕಿಂತ ಅದೇ ಹೆಚ್ಚು! ಕರೆಂಟು ಬೇಗ ಬರುವ ಲಕ್ಷಣವಿಲ್ಲ ಎಂದು ಗೊತ್ತಾದ ರಾತ್ರಿ, ಮಲಗುವ ಮುನ್ನ ಮುಂಭಾಗದ ಗುಂಡಿಯನ್ನು ಒತ್ತಿ ಇನ್ವರ್ಟರನ್ನೇ ಆರಿಸಿ, ದಿಂಬಿನ ಬಳಿ ಒಂದು ಟಾರ್ಚ್ ಇಟ್ಟುಕೊಳ್ಳಿ. ಇಷ್ಟರಿಂದಲೇ ಹಲವು ಗಂಟೆ ಹೆಚ್ಚು ಸಿಗುತ್ತದೆ. ಇಂಟರ್ನೆಟ್ ಪೆಟ್ಟಿಗೆಗೆ ಪ್ರತ್ಯೇಕವಾಗಿ ಸಿಗುವ ಪುಟ್ಟ 12 ವೋಲ್ಟಿನ ಯುಪಿಎಸ್ ಕೊಂಡರೆ ಅದಕ್ಕಾಗಿ ದೊಡ್ಡದನ್ನು ಉರಿಸುವುದೂ ತಪ್ಪುತ್ತದೆ.

ಮೂರೇ ವರ್ಷಕ್ಕೆ ಬ್ಯಾಟರಿ ಸೊರಗಿದ್ದೇಕೆ? ನಿಮ್ಮ ಟ್ಯೂಬುಲರ್‌ನಂತಹ ಸೀಸದ ಬ್ಯಾಟರಿಯು ಹಸಿವನ್ನು ಸಹಿಸುವುದಿಲ್ಲ. ಬರಿದಾದ ಬ್ಯಾಟರಿಗೆ ಪೂರ್ತಿ ತುಂಬಿಕೊಳ್ಳಲು ಹತ್ತು ಹನ್ನೆರಡು ಗಂಟೆಯ ಕರೆಂಟು ಬೇಕು. ಮಳೆಗಾಲದಲ್ಲಿ ದಿನಕ್ಕೆ ಎರಡು ಗಂಟೆ ಬಂದು ಮತ್ತೆ ಹೋದರೆ ಅದು ವಾರಗಟ್ಟಲೆ ಅರೆಹೊಟ್ಟೆಯಲ್ಲಿರುತ್ತದೆ, ಒಳಗಿನ ಫಲಕಗಳ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗಿ ಕೂತು ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಎರಡನೆಯ ಬ್ಯಾಟರಿ ಹಾಕಿಸಿದರೆ ತುಂಬಿಸಬೇಕಾದ ಹೊಟ್ಟೆ ಎರಡಾಗುತ್ತದೆಯೇ ಹೊರತು ಬರುವ ಕರೆಂಟು ಹೆಚ್ಚುವುದಿಲ್ಲ. ಬ್ಯಾಟರಿಯು ಎಷ್ಟು ದೊಡ್ಡದು ಎಂಬುದಕ್ಕಿಂತ ಅದನ್ನು ಮತ್ತೆ ತುಂಬಿಸುವುದು ಹೇಗೆ ಎಂಬ ಪ್ರಶ್ನೆಯನ್ನು ನಿಮ್ಮ ಅಂಗಡಿಯವರಿಗೆ ಕೇಳಿ ನೋಡಿ; ನಾನು ಕೇಳಿದ ಅಂಗಡಿಗಳಲ್ಲಿ ಹೆಚ್ಚಿನವರು ತಲೆ ಕೆರೆದುಕೊಂಡಿದ್ದಾರೆ.

ಇನ್ನೊಂದು ಸಂಗತಿಯನ್ನೂ ಪರೀಕ್ಷಿಸಿ. ಹಲವು ಇನ್ವರ್ಟರುಗಳ ಹಿಂಬದಿಯಲ್ಲಿ 'ಯುಪಿಎಸ್' ಮತ್ತು 'ನಾರ್ಮಲ್' ಅಥವಾ 'ಇಕೋ' ಎಂಬ ಪುಟ್ಟ ಸ್ವಿಚ್ಚಿರುತ್ತದೆ. ಯುಪಿಎಸ್ ಸ್ಥಾನದಲ್ಲಿದ್ದರೆ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದ ಕೂಡಲೇ ಅದು ಕರೆಂಟು ಹೋಯಿತೆಂದು ಭಾವಿಸಿ, ಚಾರ್ಜ್ ಮಾಡುವ ಬದಲು ಬ್ಯಾಟರಿಯನ್ನೇ ಖಾಲಿ ಮಾಡತೊಡಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ, ಸಂಜೆ ಬಲ್ಬು ಮಂಕಾಗುವ ಮನೆಗಳಲ್ಲಿ ಇದೇ ರೋಗ. ಮನೆಯಲ್ಲಿ ಕಂಪ್ಯೂಟರ್ ಇಲ್ಲವಾದರೆ ಇನ್ನೊಂದು ಸ್ಥಾನಕ್ಕೆ ತಿರುಗಿಸಿ.

ಬ್ಯಾಟರಿಯನ್ನು ಬದಲಿಸಲೇಬೇಕಾದಾಗ ಲಿಥಿಯಂ ಐರನ್ ಫಾಸ್ಫೇಟ್ ಬಗೆಯದನ್ನು ವಿಚಾರಿಸಿ. ಅದರಲ್ಲಿ 100 ಎಎಚ್‌ನದು ನಿಮ್ಮ 150 ಎಎಚ್ ಸೀಸದ ಬ್ಯಾಟರಿಯಷ್ಟೇ ಕೊಡುತ್ತದೆ, ಅರೆಹೊಟ್ಟೆಯಲ್ಲಿದ್ದರೂ ಕೆಡುವುದಿಲ್ಲ, ಬೇಗ ತುಂಬುತ್ತದೆ. ಬೆಲೆ ಹೆಚ್ಚು. ಬೇಗ ತುಂಬಬೇಕಾದರೆ ಇನ್ವರ್ಟರಿನ ಚಾರ್ಜರೂ ಹೆಚ್ಚು ಆಂಪಿಯರ್ ಕೊಡುವಂಥದ್ದಾಗಿರಬೇಕು ಮತ್ತು ಲಿಥಿಯಂಗೆ ಹೊಂದುವಂಥದ್ದಾಗಿರಬೇಕು; ಹಳೆಯ ಇನ್ವರ್ಟರಿಗೆ ಹೊಸ ಲಿಥಿಯಂ ಜೋಡಿಸಿ ಮೋಸಹೋದವರಿದ್ದಾರೆ.

ಫ್ರೀಜರಿನಲ್ಲಿ ಪಂದಿ ಮಾಂಸವಿದ್ದಾಗಲೇ ಕರೆಂಟು ಹೋಗುತ್ತದೆ. ಎಷ್ಟು ಹೊತ್ತು ಇಡಬಹುದು?
– ಅಮ್ಮತ್ತಿ

ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರು ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಣ್ಣಗಿರುತ್ತದೆ. ಕೆಳಗಿನ ಫ್ರಿಜ್ಜಿನ ಭಾಗ ನಾಲ್ಕು ಗಂಟೆ ಮಾತ್ರ. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಮಂಜುಗಟ್ಟಿಸಿ ಇಡಿ. ಎರಡನೆಯ ದಿನದ ಸಂಜೆಗೂ ಕರೆಂಟು ಬಾರದಿದ್ದರೆ ಒಲೆ ಹೊತ್ತಿಸಿ, ನೆಂಟರನ್ನು ಕರೆಯಿರಿ.

ನಮ್ಮ ನೆರೆಯವರು ಕರೆಂಟು ಹೋದಾಗ ಪೆಟ್ರೋಲ್ ಜನರೇಟರಿನ ವೈರನ್ನು ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ವೈರಿಗೆ ಎರಡೂ ಕಡೆ ಪಿನ್ ಇದೆ. ಮನೆಯೆಲ್ಲ ಉರಿಯುತ್ತದೆ. ಮೇನ್ ಸ್ವಿಚ್ ಆಫ್ ಮಾಡಿರುತ್ತೇನೆ, ಏನೂ ಆಗುವುದಿಲ್ಲ ಎನ್ನುತ್ತಾರೆ. ನಾವೂ ಹಾಗೆ ಮಾಡಬಹುದೇ?
– ಸಿದ್ದಾಪುರ

ಖಂಡಿತ ಕೂಡದು, ನಿಮ್ಮ ನೆರೆಯವರಿಗೂ ಈ ಪುಟವನ್ನು ತೋರಿಸಿ. ಟ್ರಾನ್ಸ್‌ಫಾರ್ಮರ್ ಎರಡೂ ಕಡೆಗೆ ಕೆಲಸ ಮಾಡುತ್ತದೆ. ಲೈನಿನ 11,000 ವೋಲ್ಟನ್ನು ಮನೆಗಾಗಿ ಇಳಿಸುವ ಅದೇ ಯಂತ್ರವು, ಮನೆಯ ಕಡೆಯಿಂದ 230 ವೋಲ್ಟ್ ಕೊಟ್ಟರೆ ಅದನ್ನು ಸಾವಿರಾರು ವೋಲ್ಟಿಗೆ ಏರಿಸಿ ಲೈನಿಗೆ ಕಳುಹಿಸುತ್ತದೆ. ಒಂದು ದಿನ ಗಡಿಬಿಡಿಯಲ್ಲಿ ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ, ಸುರಿಯುವ ಮಳೆಯಲ್ಲಿ ಕಂಬ ಹತ್ತಿ, ಲೈನು ಸತ್ತಿದೆ ಎಂದು ನಂಬಿ ತಂತಿ ಹಿಡಿದಿರುವ ಲೈನ್‌ಮನ್ ಬದುಕುವುದಿಲ್ಲ. ಜನರೇಟರು ಓಡುತ್ತಿರುವಾಗಲೇ ಯಾರಾದರೂ ಆ ವೈರನ್ನು ಕಿತ್ತರೆ, ಕೈಯಲ್ಲಿರುವ ಬರಿಯ ಪಿನ್ನಿನಲ್ಲಿ 230 ವೋಲ್ಟ್ ಇರುತ್ತದೆ, ಮಕ್ಕಳಿರುವ ಮನೆ.

ಸರಿಯಾದ ದಾರಿ ಚೇಂಜ್‌ಓವರ್ ಸ್ವಿಚ್. ಅದರ ಹಿಡಿ ಒಂದೋ ಲೈನಿನ ಕಡೆಗಿರುತ್ತದೆ, ಇಲ್ಲವೇ ಜನರೇಟರಿನ ಕಡೆಗೆ. ಎರಡೂ ಒಂದೇ ಕಾಲಕ್ಕೆ ಸೇರಲು ಸಾಧ್ಯವೇ ಇಲ್ಲ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಹಾಕಿಸಿ. ಅದಕ್ಕೂ ಹಣವಿಲ್ಲವಾದರೆ ಜನರೇಟರಿನಿಂದ ಒಂದು ಎಕ್ಸ್‌ಟೆನ್ಶನ್ ಬೋರ್ಡನ್ನು ನೇರವಾಗಿ ಎಳೆದು, ಬೇಕಾದ ಎರಡು ಉಪಕರಣಗಳನ್ನು ಅದಕ್ಕೇ ಸಿಕ್ಕಿಸಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಯಾರೂ ಸಾಯುವುದಿಲ್ಲ.

ಮಳೆಯೆಂದು ಜನರೇಟರನ್ನು ಜಗಲಿಯಲ್ಲೋ ಸೌದೆ ಕೊಟ್ಟಿಗೆಯಲ್ಲೋ ಇಡುವ ರೂಢಿಯೂ ಕೊಡಗಿನಲ್ಲಿದೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಏಳದ ನಿದ್ದೆ. ಮೇಲೆ ವಿವರಿಸಿದ ಕ್ಯಾಲಿಫೋರ್ನಿಯಾದ ಕಡಿತಗಳಲ್ಲಿಯೂ ಅಲ್ಲಿನ ಅಧಿಕಾರಿಗಳು ಜನರಿಗೆ ಮತ್ತೆ ಮತ್ತೆ ಕೊಡುವ ಎಚ್ಚರಿಕೆ ಇದೇ. ಮನೆಯ ಕಿಟಕಿ ಬಾಗಿಲುಗಳಿಂದ ಇಪ್ಪತ್ತು ಅಡಿಯಾದರೂ ದೂರದಲ್ಲಿ, ನಾಲ್ಕೂ ಕಡೆ ತೆರೆದಿರುವ ಪುಟ್ಟ ತಗಡಿನ ಚಪ್ಪರದ ಕೆಳಗೆ ಇಡಿ. ಎಥೆನಾಲ್ ಬೆರೆತ ಈಗಿನ ಪೆಟ್ರೋಲು ನಮ್ಮ ಮಳೆಗಾಲದ ತೇವವನ್ನು ಹೀರಿಕೊಳ್ಳುವುದರಿಂದ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ. ತಿಂಗಳಿಗೊಮ್ಮೆ ಕಾಲು ಗಂಟೆ ಓಡಿಸಿ.

ನನ್ನ ತಾಯಿಗೆ ಆಕ್ಸಿಜನ್ ಕಾನ್ಸೆಂಟ್ರೇಟರ್ ಬೇಕಾಗಿದೆ, ನಿಮಿಷಕ್ಕೆ ಎರಡು ಲೀಟರಿನಂತೆ ಇಡಲು ವೈದ್ಯರು ಹೇಳಿದ್ದಾರೆ. ನಮ್ಮ ಊರಿನಲ್ಲಿ ಮರ ಬಿದ್ದರೆ ಕರೆಂಟು ಬರಲು ಎರಡು ದಿನವಾಗುತ್ತದೆ. ಯಾವ ಯುಪಿಎಸ್ ಕೊಳ್ಳಲಿ?
– ಸೋಮವಾರಪೇಟೆ ತಾಲ್ಲೂಕು

ಯುಪಿಎಸ್ ಕೊಳ್ಳಿ, ಆದರೆ ಅದನ್ನು ನಂಬಿ ಕೂರಬೇಡಿ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ, ಐದು ಲೀಟರ್ ಸಾಮರ್ಥ್ಯದ ಕಾನ್ಸೆಂಟ್ರೇಟರು ಸಾಮಾನ್ಯವಾಗಿ 300ರಿಂದ 350 ವ್ಯಾಟ್ ಎಳೆಯುತ್ತದೆ. ಒಂದು 150 ಎಎಚ್ ಬ್ಯಾಟರಿಯಲ್ಲಿ ಅದು ಓಡುವುದು ಮೂರೂವರೆ ಗಂಟೆ, ಎರಡರಲ್ಲಿ ಏಳು ಗಂಟೆ. ಎರಡು ದಿನಕ್ಕೆ ಹದಿನೈದರಷ್ಟು ಬ್ಯಾಟರಿ ಬೇಕು. ಅದು ಆಗದ ಮಾತು. ಬ್ಯಾಟರಿಯ ಕೆಲಸ ಮೊದಲ ಕೆಲವು ಗಂಟೆಗಳನ್ನು ದಾಟಿಸುವುದು ಮಾತ್ರ. ಇನ್ವರ್ಟರು 'ಪ್ಯೂರ್ ಸೈನ್ ವೇವ್' ಬಗೆಯದೇ, ಅಂದರೆ ಲೈನಿನಂತೆಯೇ ನಯವಾದ ಅಲೆಯ ವಿದ್ಯುತ್ತು ಕೊಡುವಂಥದ್ದೇ ಆಗಿರಲಿ.

ಆನಂತರಕ್ಕೆ ಆಕ್ಸಿಜನ್ ಸಿಲಿಂಡರ್ ಇರಲೇಬೇಕು. 'ಬಿ' ಬಗೆಯ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆ. 'ಡಿ' ಬಗೆಯ ದೊಡ್ಡದರಲ್ಲಿ ಸುಮಾರು 7,000 ಲೀಟರ್, ಅಂದರೆ ಎರಡು ದಿನ ದಾಟುತ್ತದೆ. ರೆಗ್ಯುಲೇಟರು, ನಳಿಕೆ, ತಿರುಗಿಸುವ ಕೀಲಿ ಎಲ್ಲವೂ ಜೋಡಿಸಿಯೇ ಇರಲಿ, ಮನೆಯಲ್ಲಿ ಇಬ್ಬರಿಗಾದರೂ ಬಳಸಲು ಬರುತ್ತಿರಲಿ. ಕತ್ತಲೆಯಲ್ಲಿ ಮೊದಲ ಬಾರಿಗೆ ಕಲಿಯುವ ವಿದ್ಯೆ ಅದಲ್ಲ. ಸಿಲಿಂಡರನ್ನು ಗೋಡೆಗೆ ಸರಪಣಿಯಿಂದ ಕಟ್ಟಿ, ಆ ಕೋಣೆಯಲ್ಲಿ ಮೇಣದಬತ್ತಿ, ದೇವರ ದೀಪ, ಬೀಡಿ, ಅಗ್ಗಿಷ್ಟಿಕೆ ಯಾವುದೂ ಬೇಡ. ಕರೆಂಟು ಹೋದಾಗ ಮೊದಲು ಹುಡುಕುವುದೇ ಮೇಣದಬತ್ತಿಯನ್ನಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಸಣ್ಣ ಜನರೇಟರು ಕೊಳ್ಳಲು ಶಕ್ತಿಯಿದ್ದರೆ ಒಂದು ಕೆವಿಎ ಸಾಕು. ವೈದ್ಯರ ಚೀಟಿಯ ಪ್ರತಿಯೊಂದಿಗೆ ಸೆಕ್ಷನ್ ಆಫೀಸಿಗೆ ಬರಹದಲ್ಲಿ ತಿಳಿಸಿಡಿ. ಹತ್ತು ಕಡೆ ಮರ ಬಿದ್ದ ದಿನ ಯಾವ ಕಡೆಗೆ ಮೊದಲು ಹೋಗಬೇಕೆಂದು ತೀರ್ಮಾನಿಸುವವರಿಗೆ ನಿಮ್ಮ ಮನೆ ನೆನಪಿರಬೇಕು. ದೂರು ಕೊಡಲು ಇರುವ 1912 ಸಂಖ್ಯೆಗೂ ಕರೆ ಮಾಡಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮೊಬೈಲ್ ಟವರಿನ ಬ್ಯಾಟರಿಯೂ ಕೆಲವು ಗಂಟೆಗಳಲ್ಲಿ ಮುಗಿಯುವುದರಿಂದ, ಮಾಡಬೇಕಾದ ಕರೆಗಳನ್ನು ಮೊದಲ ಗಂಟೆಯಲ್ಲೇ ಮಾಡಿ.

ಕೇಂದ್ರ ಸರ್ಕಾರದ ಸಹಾಯಧನ ಪಡೆದು ಚಾವಣಿಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ಬಿಲ್ ಕಡಿಮೆಯಾಗಿದೆ. ಆದರೆ ಕರೆಂಟು ಹೋದರೆ, ಬಿಸಿಲು ಕಾಯುತ್ತಿದ್ದರೂ ಸೋಲಾರ್ ನಿಲ್ಲುತ್ತದೆ. ನಮಗೆ ಕೆಟ್ಟ ಯಂತ್ರ ಕೊಟ್ಟರೇ?
– ಕುಶಾಲನಗರ

ಯಂತ್ರ ಕೆಟ್ಟಿಲ್ಲ, ಹೇಳಬೇಕಾದ ಮಾತನ್ನು ಹೇಳದೆ ಮಾರಿದ್ದಾರೆ. ಲೈನಿಗೆ ಜೋಡಿಸಿದ ಸೋಲಾರ್ ಇನ್ವರ್ಟರು, ಲೈನಿನಲ್ಲಿ ವಿದ್ಯುತ್ತು ಇಲ್ಲವೆಂದು ತಿಳಿದ ಕೂಡಲೇ ತಾನೂ ನಿಲ್ಲಬೇಕೆಂಬುದು ನಿಯಮ. ಕಾರಣ, ಮೇಲೆ ಸಿದ್ದಾಪುರದ ಓದುಗರಿಗೆ ಹೇಳಿದ ಲೈನ್‌ಮನ್ನನೇ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ ದೊರೆಯುವ 78,000 ರೂಪಾಯಿ ಸಹಾಯಧನವು ಇಂತಹ ಲೈನಿಗೆ ಜೋಡಿಸಿದ ಫಲಕಗಳಿಗಾಗಿಯೇ ಇದೆ, ಬ್ಯಾಟರಿಗಾಗಿ ಅಲ್ಲ.

ಕರೆಂಟು ಹೋದಾಗಲೂ ಸೋಲಾರ್ ಬೇಕಾದರೆ ಹೈಬ್ರಿಡ್ ಇನ್ವರ್ಟರು ಮತ್ತು ಬ್ಯಾಟರಿ ಬೇಕು. ಅದು ಮನೆಯನ್ನು ಲೈನಿನಿಂದ ಬೇರ್ಪಡಿಸಿಕೊಂಡು ನಡೆಸುತ್ತದೆ. ಕುಶಾಲನಗರ ಕೊಡಗಿನ ಒಣ ಅಂಚಿನಲ್ಲಿರುವುದರಿಂದ ನಿಮಗೆ ಇದನ್ನು ಯೋಚಿಸಿ ನೋಡಿ ಎನ್ನುತ್ತೇನೆ. ಭಾಗಮಂಡಲದವರು ಕೇಳಿದ್ದರೆ ಬೇಡವೆನ್ನುತ್ತಿದ್ದೆ: ಬೇಸಿಗೆಯಲ್ಲಿ ಒಂದು ಕಿಲೋವ್ಯಾಟ್ ಫಲಕವು ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ, ಆದರೆ ಕರೆಂಟು ಹೋಗುವ ಜುಲೈಯ ಕಾರ್ಮೋಡದಲ್ಲಿ ಒಂದು ಯೂನಿಟ್ಟಿಗೂ ಕಾಯಬೇಕಾಗುತ್ತದೆ. ಅಷ್ಟಾದರೂ ದೀಪ ಮತ್ತು ಫೋನಿಗೆ ಅದು ಸಾಕೆಂಬುದನ್ನು ಮಡಿಕೇರಿಯ ಶಿಕ್ಷಕರ ಲೆಕ್ಕದಲ್ಲಿ ನೋಡಿದ್ದೀರಿ.

ಗೃಹಜ್ಯೋತಿಯಲ್ಲಿ ನಮಗೆ ಶೂನ್ಯ ಬಿಲ್ ಬರುತ್ತಿತ್ತು. ಯುಪಿಎಸ್ ಹಾಕಿಸಿದ ಮೇಲೆ ಸ್ವಲ್ಪ ಹಣ ಬರುತ್ತಿದೆ. ಸಂಬಂಧವಿದೆಯೇ?
– ಸುಂಟಿಕೊಪ್ಪ

ಇರಬಹುದು. ನಿಮಗೆ ಉಚಿತವಾಗಿ ಸಿಗುವುದು 200 ಯೂನಿಟ್ಟಲ್ಲ. 2022-23ರ ನಿಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಅಲ್ಪ ಹೆಚ್ಚುವರಿ ಯೂನಿಟ್ ಮಾತ್ರ. ಬರಿದಾದ ಬ್ಯಾಟರಿ ತುಂಬಲು ಎರಡು ಯೂನಿಟ್ಟಿಗೂ ಹೆಚ್ಚು ಬೇಕು, ಸುಮ್ಮನೆ ಸಿಕ್ಕಿಸಿಟ್ಟರೂ ತಿಂಗಳಿಗೆ ಹತ್ತರಷ್ಟು ಯೂನಿಟ್ ಹೋಗುತ್ತದೆ.

ನಮ್ಮ ಮನೆಯ ಹಿಂದಿನ ತೋಡಿನಲ್ಲಿ ಜೂನ್‌ನಿಂದ ಡಿಸೆಂಬರ್‌ವರೆಗೆ ನೀರು ಜೋರಾಗಿ ಹರಿಯುತ್ತದೆ. ಇದರಿಂದ ಕರೆಂಟು ಮಾಡಬಹುದೆಂದು ಕೇಳಿದ್ದೇನೆ. ನಿಜವೇ?
– ನಾಪೋಕ್ಲು ಸಮೀಪ

ಈ ತಿಂಗಳ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದು. ಲೈನು ಸತ್ತು, ಸೂರ್ಯ ಮರೆಯಾಗಿ, ಬ್ಯಾಟರಿ ಬರಿದಾಗುವ ದಿನಗಳಲ್ಲಿಯೇ ತೋಡು ತುಂಬಿ ಹರಿಯುತ್ತದೆ. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಒಂದು ಕಿಲೋವ್ಯಾಟಿನ ಆಸುಪಾಸಿನ ಪುಟ್ಟ ಟರ್ಬೈನುಗಳು, ಪಿಕೋ ಹೈಡ್ರೋ ಎಂದು ಕರೆಯಲಾಗುವಂಥವು, ಹಲವು ಮನೆಗಳನ್ನು ಬೆಳಗಿಸಿವೆ.

ನಿಮಗೆ ಗೊತ್ತಿರಬೇಕಾದದ್ದು ಎರಡು ಅಳತೆ. ನೀರನ್ನು ಪೈಪಿಗೆ ತಿರುಗಿಸಿ 20 ಲೀಟರಿನ ಬಕೆಟ್ ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ನೋಡಿ. ಎರಡು ಸೆಕೆಂಡಾದರೆ ಸೆಕೆಂಡಿಗೆ 10 ಲೀಟರ್. ಆಮೇಲೆ ನೀರು ಹಿಡಿಯುವ ಜಾಗಕ್ಕೂ ಟರ್ಬೈನು ಕೂರುವ ಜಾಗಕ್ಕೂ ಇರುವ ಎತ್ತರದ ವ್ಯತ್ಯಾಸ. ಅದು 15 ಮೀಟರಾದರೆ, 10ನ್ನು 15ರಿಂದಲೂ 9.8ರಿಂದಲೂ ಗುಣಿಸಿದಾಗ 1,470 ವ್ಯಾಟ್. ಪೈಪು ಮತ್ತು ಯಂತ್ರದ ನಷ್ಟ ಕಳೆದು ಅರ್ಧವಾದರೂ 700 ವ್ಯಾಟ್ ಉಳಿಯುತ್ತದೆ. ಹೇಳಿಕೊಳ್ಳಲು ಸಣ್ಣ ಸಂಖ್ಯೆ, ಆದರೆ ಅದು ಹಗಲು ರಾತ್ರಿ ನಿಲ್ಲದೆ ಬರುವುದರಿಂದ ದಿನಕ್ಕೆ ಹದಿನಾರು ಯೂನಿಟ್ಟಿಗೂ ಹೆಚ್ಚು. ಫ್ರಿಜ್ಜು, ದೀಪ, ಟಿವಿ ಎಲ್ಲಕ್ಕೂ ಸಾಕಾಗಿ ಮಿಗುತ್ತದೆ. ಮಿಕ್ಕ ವಿದ್ಯುತ್ತನ್ನು ಎಲ್ಲಿಯಾದರೂ ಉರಿಸಲೇಬೇಕು, ಇಲ್ಲವಾದರೆ ಟರ್ಬೈನು ಅಂಕೆ ಮೀರಿ ತಿರುಗಿ ವೋಲ್ಟೇಜ್ ಏರುತ್ತದೆ. ಅದಕ್ಕಾಗಿ ಜೋಡಿಸುವ ನಿಯಂತ್ರಕವು ಮಿಗತೆಯನ್ನು ಒಂದು ಹೀಟರಿಗೆ ಕಳುಹಿಸುತ್ತದೆ. ಬಚ್ಚಲಿನ ಹಂಡೆಗೆ ಆ ಹೀಟರನ್ನು ಹಾಕಿಸಿಕೊಂಡರೆ ಮಳೆಗಾಲವಿಡೀ ಸೌದೆಯಿಲ್ಲದೆ ಬಿಸಿನೀರು.

ನೀರು ಹಿಡಿಯುವ ಬಾಯಿಗೆ ಜಾಲರಿ ಇಡಿಸಿ, ದೊಡ್ಡ ಮಳೆಯ ಮರುದಿನ ಕಸ ತೆಗೆಯಲು ಒಬ್ಬರು ಹೋಗಲೇಬೇಕು. ತೋಡಿನ ಮೇಲ್ಭಾಗ ಅರಣ್ಯದೊಳಗಿದ್ದರೆ ಇಲಾಖೆಯ ಅನುಮತಿಯಿಲ್ಲದೆ ಕಲ್ಲನ್ನೂ ಕದಲಿಸಬೇಡಿ. 2018ರ ಆಗಸ್ಟ್‌ನಲ್ಲಿ ಕುಸಿದಂತಹ ಇಳಿಜಾರುಗಳಲ್ಲಿ ಪೈಪಿಗಾಗಿ ಚರಂಡಿ ತೋಡುವುದು ಬೇಡ. ನೆಲದ ಮೇಲೆಯೇ ಹಾಯಿಸಿ. ಅಳತೆಗಳನ್ನು ಈಗ ತೆಗೆಯಬೇಡಿ, ಜೂನ್ ಕೊನೆಯಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ತೆಗೆದು ಎರಡನ್ನೂ ನಮಗೆ ಬರೆದು ಕಳುಹಿಸಿ. ಯಾವ ಬಗೆಯ ಟರ್ಬೈನು ನಿಮ್ಮ ತೋಡಿಗೆ ಒಪ್ಪುತ್ತದೆ ಎಂಬುದನ್ನು ಆ ಸಂಖ್ಯೆಗಳನ್ನು ನೋಡಿಯೇ ಹೇಳಬೇಕು.